ತಾತ ಊರಿಗೆ ಹೋಗಿದ್ದಾರೆ ಅಂತ ಹೇಳಿದ್ದೆವು

ಬೆಳಿಗ್ಗೆ ಏಳೂಮುಕ್ಕಾಲಕ್ಕೆ ಶುರುವಾಗುತ್ತಿತ್ತು. ಅಷ್ಟೊತ್ತಿಗೆ ತಲೆ ಬಾಚಿ ಎರಡು ಜಡೆ ಹಾಕಿ ಆಗಿರುತ್ತಿತ್ತು. ಡಬ್ಬಿಗೆ ಚಿತ್ರಾನ್ನ ತುಂಬಿ ಆಗಿರುತ್ತಿತ್ತು. ಮಗಳು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲೇ ಹಿಡಿದು ಹೊಸಿಲ ಹತ್ತಿರ ಕೂತುಬಿಡುತ್ತಿದ್ದಳು. "ಅಪ್ಪಾ, ಹೊಟ್ಟೆನೋವು."

ಆಗ ಅವಳಿಗೆ ಏಳು ವರ್ಷ. ಎರಡನೇ ಕ್ಲಾಸು. 2023ರ ಗಣೇಶನ ಹಬ್ಬ ಮುಗಿದ ವಾರ ಇದು ಶುರುವಾಯಿತು. ಮೊದಲ ದಿನ ಓಮದ ಕಷಾಯ ಮಾಡಿಕೊಟ್ಟೆವು. ಮಾರನೇ ದಿನ ಮತ್ತೆ ಅದೇ. ಹತ್ತು ಗಂಟೆ ಹೊಡೆಯುತ್ತಿದ್ದ ಹಾಗೆ ನೋವು ಮಾಯ. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿರುತ್ತಿದ್ದಳು. ಅದನ್ನು ನೋಡಿಯೇ ನಮಗೆ ಅನುಮಾನ ಬಂತು. ನಾಟಕ ಅಂದುಕೊಂಡೆವು.

ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಹೊಟ್ಟೆ ಸ್ಕ್ಯಾನ್, ಮೂತ್ರ ಪರೀಕ್ಷೆ, ಜಂತುಹುಳದ ಮಾತ್ರೆ, ಎಲ್ಲ ಆಯಿತು. ಏನೂ ಸಿಗಲಿಲ್ಲ. ನಮ್ಮಮ್ಮ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ತಾಯತ ಕಟ್ಟಿಸಿದರು. ಸ್ಕೂಲಿನವರು ಎರಡು ಸಲ ಕರೆಸಿ, ಹೀಗೇ ಆದರೆ ಟಿಸಿ ತಗೊಂಡುಬಿಡಿ ಅಂದರು.

ದಸರಾ ರಜೆ ಮುಗಿದ ಮೇಲೆ ಜಾಸ್ತಿಯಾಯಿತು. ರಾತ್ರಿ ನನ್ನ ಅಂಗಿಯ ತುದಿ ಹಿಡಿದುಕೊಂಡೇ ಮಲಗುವಳು. ಕಕ್ಕಸಿಗೆ ಹೋದರೂ ಬಾಗಿಲ ಹೊರಗೆ ಯಾರಾದರೂ ನಿಂತಿರಬೇಕು. ಒಂದು ಬೆಳಿಗ್ಗೆ ಗಾಡಿಯಿಂದ ಇಳಿಯದೆ ಹ್ಯಾಂಡಲ್ ಹಿಡಿದುಕೊಂಡು ಕಿರುಚಿದಳು. ಸ್ಕೂಲಿನ ಗೇಟಿನ ಮುಂದೆ, ಎಲ್ಲರ ಎದುರು. ನಾನು ಅವಳ ಕೆನ್ನೆಗೆ ಹೊಡೆದೆ.

ಇದನ್ನು ಬಿಟ್ಟು ಉಳಿದದ್ದನ್ನು ಬರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಹೊಡೆದೆ. ಅವಳು ತಕ್ಷಣ ಸುಮ್ಮನಾದಳು. ಇಳಿದು ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಅವತ್ತು ನಾನು ಕೆಲಸ ಮಾಡುವ ಕೊಬ್ಬರಿ ಮಂಡಿಯಲ್ಲಿ ಕೂತು ಒಂದೇ ಪುಟದ ಲೆಕ್ಕವನ್ನು ಮೂರು ಸಲ ಕೂಡಿದೆ. ಮೂರು ಸಲವೂ ಬೇರೆ ಬೇರೆ ಬಂತು.

ನಾವಿರುವುದು ತಿಪಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ನಾನು ಪೇಟೆಯ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಹಿಂದೆ ಒಂದೂವರೆ ಎಕರೆ ತೆಂಗಿನ ತೋಟ. ಅದನ್ನು ನೋಡಿಕೊಳ್ಳುತ್ತಿದ್ದವರು ನಮ್ಮಪ್ಪ. ಮಗಳನ್ನು ನೋಡಿಕೊಳ್ಳುತ್ತಿದ್ದವರೂ ಅವರೇ. ಸ್ಕೂಲಿಂದ ಬಂದರೆ ಅವಳು ಬ್ಯಾಗು ಎಸೆದು ನೇರ ತಾತನ ಹಿಂದೆ ಹೋಗುವಳು. ಅದೇ ವರ್ಷ ಜುಲೈನಲ್ಲಿ ಅಪ್ಪ ಎದೆನೋವು ಅಂತ ಕೂತವರು ಏಳಲೇ ಇಲ್ಲ. ಆಗ ಮಗಳು ಸ್ಕೂಲಿನಲ್ಲಿದ್ದಳು.

ಗಣೇಶನ ಹಬ್ಬಕ್ಕೂ ಜುಲೈಗೂ ಎರಡು ತಿಂಗಳ ಅಂತರ ಇತ್ತಲ್ಲ, ಹಾಗಾಗಿ ನಮಗೆ ಯಾರಿಗೂ ಅದೂ ಇದೂ ಒಂದೇ ದಾರ ಅಂತ ಹೊಳೆಯಲಿಲ್ಲ. ಸಾವಾದಾಗ ಅವಳು ಅತ್ತಿರಲಿಲ್ಲ. ಚಿಕ್ಕ ಮಗು, ಅರ್ಥ ಆಗಿಲ್ಲ, ಒಳ್ಳೆಯದೇ ಆಯಿತು ಅಂತ ಸಮಾಧಾನ ಪಟ್ಟುಕೊಂಡಿದ್ದೆವು.

ನಮ್ಮೂರಿನ ಆಶಾ ಕಾರ್ಯಕರ್ತೆ ನನ್ನ ಹೆಂಡತಿಗೆ ಒಂದು ನಂಬರ್ ಕೊಟ್ಟಿದ್ದರು. 14416. ಟೆಲಿ ಮನಸ್ ಅಂತ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ಮಾನಸಿಕ ಆರೋಗ್ಯ ದಿನದಂದು, ಶುರು ಮಾಡಿದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಹೆಂಡತಿ ಅದನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಿದ್ದಳು. ನಾನು ಹೊಡೆದ ದಿನ ರಾತ್ರಿ ಹತ್ತೂವರೆಗೆ ಕ್ಯಾಲೆಂಡರಿನ ಆ ಹಾಳೆ ಹರಿದುಕೊಂಡು ಮಾಳಿಗೆ ಮೇಲೆ ಹೋದೆ.

ಆ ಕಡೆ ಒಬ್ಬ ಹೆಣ್ಣುಮಗಳು. ವಯಸ್ಸು ಚಿಕ್ಕದು ಅನಿಸಿತು. ಮಗು ಸ್ಕೂಲಿಗೆ ಹೋಗಲ್ಲ ಅಂತಿದೆ ಅಂತ ಶುರು ಮಾಡಿದೆ. ಅವರು ಅವಸರ ಮಾಡಲಿಲ್ಲ. ಯಾವಾಗಿಂದ, ಎಷ್ಟು ಹೊತ್ತಿಗೆ, ಭಾನುವಾರ ಹೇಗಿರ್ತಾಳೆ, ಊಟ ನಿದ್ದೆ ಹೇಗೆ, ಯಾರಾದರೂ ಹೆದರಿಸಿದ್ದಾರಾ, ಮೈ ಮುಟ್ಟಿದ್ದಾರಾ, ಒಂದೊಂದೇ ಕೇಳಿದರು. ಮನೆಯಲ್ಲಿ ಈಚೆಗೆ ಏನಾದರೂ ಬದಲಾವಣೆ ಆಗಿದೆಯಾ ಅಂದರು. ಏನಿಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ತಂದೆ ತೀರಿಕೊಂಡರು, ಅದು ಜುಲೈನಲ್ಲೇ ಆಯಿತು" ಅಂದೆ.

"ಮಗುಗೆ ಏನು ಹೇಳಿದ್ರಿ ಸರ್?"

ತಾತ ಊರಿಗೆ ಹೋಗಿದ್ದಾರೆ ಅಂತ ಹೇಳಿದ್ದೆವು.

ಅದನ್ನು ಬಾಯಿಬಿಟ್ಟು ಹೇಳಿದಾಗ ನನ್ನ ಗಂಟಲು ಕಟ್ಟಿತು. ಅಪ್ಪ ಹೋದ ಮೇಲೆ ಮೊದಲ ಸಲ ಅತ್ತಿದ್ದು ಅವತ್ತು, ಮಾಳಿಗೆ ಮೇಲೆ, ಗುರುತಿಲ್ಲದ ಹುಡುಗಿಯ ಹತ್ತಿರ. ಅವರು ಕಾದರು. ಆಮೇಲೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಮನೋಚೈತನ್ಯ ಅನ್ನುವ ಕಾರ್ಯಕ್ರಮ ಇದೆ, ಮಗುವನ್ನೂ ಕರೆದುಕೊಂಡು ಹೋಗಿ ಅಂದರು. ಕೊನೆಯಲ್ಲಿ, ನಾನು ಕೇಳದೇ ಇದ್ದರೂ, "ನೀವೂ ನಿಮ್ಮ ತಂದೆಯನ್ನು ಕಳಕೊಂಡಿದ್ದೀರಿ ಅಲ್ವಾ ಸರ್" ಅಂದರು. ಆ ಮಾತು ಇವತ್ತಿಗೂ ನೆನಪಿದೆ.

ಮಂಗಳವಾರ ಮೂರೂ ಜನ ಹೋದೆವು. ನಮ್ಮಮ್ಮನಿಗೆ ಹೊಟ್ಟೆನೋವಿಗೆ ತೋರಿಸ್ತೀವಿ ಅಂದಿದ್ದೆವು. ತಲೆಕೆಟ್ಟವರ ಡಾಕ್ಟರು ಅಂತ ಊರಲ್ಲಿ ಮಾತು ಬರುತ್ತೆ ಅನ್ನುವ ಹೆದರಿಕೆ. ಹೊರಗೆ ಬೆಂಚಿನ ಮೇಲೆ ಕೂತವರನ್ನು ನೋಡಿದೆ. ತಲೆನೋವಿನ ಹೆಂಗಸರು, ಕುಡಿತ ಬಿಡಲು ಬಂದವರು, ಪರೀಕ್ಷೆ ಭಯದ ಒಬ್ಬ ಪಿಯುಸಿ ಹುಡುಗ, ಅವನ ಕೈ ಹಿಡಿದುಕೊಂಡಿದ್ದ ಅಜ್ಜಿ. ಎಲ್ಲ ನಮ್ಮಂಥವರೇ.

ಡಾಕ್ಟರು ಮೊದಲು ಹೇಳಿದ್ದು ಹೊಟ್ಟೆನೋವು ನಿಜ ಅಂತ. ಭಯ ಆದಾಗ ಮೈಯೆಲ್ಲ ಬಿಗಿಯಾಗುತ್ತದೆ, ಹೊಟ್ಟೆ ಕರುಳು ಹಿಂಡುತ್ತದೆ. ದೊಡ್ಡವರಿಗೆ ಭಯ ಅಂತ ಹೇಳಲು ಪದ ಇದೆ, ಮಗುವಿಗೆ ಹೊಟ್ಟೆ ಇದೆ. ಸ್ಕೂಲಿನ ಹೊತ್ತು ದಾಟಿದ ಮೇಲೆ ಭಯ ಇಳಿಯುತ್ತದೆ, ಅದಕ್ಕೇ ನೋವೂ ಇಳಿಯುತ್ತದೆ. ನಾಟಕ ಅಲ್ಲ. ನನ್ನ ಹೆಂಡತಿ ಮಗಳ ಕಡೆ ನೋಡಿದಳು. ಮಗಳು ಡಾಕ್ಟರ ಕಡೆ ನೋಡುತ್ತಿದ್ದಳು. ನಂಬಿದವರು ಒಬ್ಬರು ಸಿಕ್ಕರು ಅನ್ನುವ ಹಾಗೆ.

ಕೆಲವು ಮಕ್ಕಳಿಗೆ ಔಷಧ ಬೇಕಾಗುತ್ತದಂತೆ. ಇವಳಿಗೆ ಈಗ ಬೇಡ, ಮೊದಲು ಮನೆಯವರು ಮಾಡುವ ಕೆಲಸ ಇದೆ ಅಂದರು. ಇಂಥದ್ದು ಎರಡು ಮೂರು ವಾರ ಎಳೆದರೆ, ನಿದ್ದೆ, ಊಟ, ಸ್ಕೂಲು, ಆಟ ಕೆಡುತ್ತಾ ಹೋದರೆ, ಯಾರೇ ಆಗಲಿ ಕಾಯಬಾರದು ಅಂದರು. ಸಾಯುವ ಮಾತು, ಮೈಗೆ ಗಾಯ ಮಾಡಿಕೊಳ್ಳುವ ಮಾತು ಮಗುವಿನ ಬಾಯಲ್ಲಿ ಬಂದರಂತೂ ಅದೇ ದಿನ ಬರಬೇಕು.

ಅವರ ಜೊತೆ ಕೆಲಸ ಮಾಡುವ ಮೇಡಂ ಒಬ್ಬರು ನಮ್ಮನ್ನು ಪಕ್ಕದ ರೂಮಿಗೆ ಕರೆದುಕೊಂಡು ಹೋದರು. ಮುಂದೆ ಐದಾರು ಸಲ ಹೋದಾಗಲೂ ಜಾಸ್ತಿ ಹೊತ್ತು ಕೂತಿದ್ದು ಅವರ ಹತ್ತಿರವೇ. ಅವರು ಹೇಳಿದ ಒಂದು ವಿಷಯ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹವಾಯಿಯ ಕವಾಯ್ ಅನ್ನುವ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಮನಃಶಾಸ್ತ್ರಜ್ಞೆ ಮತ್ತು ಅವರ ತಂಡ ಹುಟ್ಟಿನಿಂದ ನಲವತ್ತು ವಯಸ್ಸಿನವರೆಗೆ ಗಮನಿಸುತ್ತಾ ಬಂದರಂತೆ. ಅದರಲ್ಲಿ ಬಡತನ, ಮನೆಯಲ್ಲಿ ಜಗಳ, ಕುಡಿತ ಅಂತ ನಾನಾ ಕಷ್ಟದಲ್ಲಿ ಬೆಳೆದ ಮಕ್ಕಳೂ ಇದ್ದರು. ಅಂಥವರಲ್ಲಿ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬೆಳೆದು ನಿಂತರು. ಅವರಲ್ಲಿ ಕಂಡುಬಂದ ಒಂದು ವಿಷಯ ಏನೆಂದರೆ, ಏನೇ ಆದರೂ ಜೊತೆಗಿದ್ದ ಒಬ್ಬ ದೊಡ್ಡವರು. ಅಪ್ಪ ಅಮ್ಮನೇ ಆಗಬೇಕಿಲ್ಲ. ಅಜ್ಜಿ ತಾತ ಆಗಬಹುದು, ಒಬ್ಬ ಟೀಚರ್ ಆಗಬಹುದು.

"ನಿಮ್ಮ ಮಗಳಿಗೆ ಅದು ಯಾರಾಗಿದ್ರು?" ಅಂತ ಕೇಳಿದರು. ನಾವಿಬ್ಬರೂ ಮಾತಾಡಲಿಲ್ಲ.

ಮೊದಲ ವಾರ ಅವರು ಕೊಟ್ಟ ಕೆಲಸ ಚಿಕ್ಕದು. ದಿನಾ ಹದಿನೈದು ನಿಮಿಷ ಮಗು ಜೊತೆ ಕೂರಬೇಕು. ಕೈಗೆ ಏನಾದರೂ ಕೆಲಸ ಇರಬೇಕು. ಮೊಬೈಲ್ ಇರಬಾರದು. ಸ್ಕೂಲಿನ ಮಾತು ಎತ್ತಬಾರದು, ಪ್ರಶ್ನೆ ಕೇಳಬಾರದು, ಬುದ್ಧಿ ಹೇಳಬಾರದು. ಸುಮ್ನೆ ಇರಬೇಕು. ಕೇಳೋಕೆ ಸುಲಭ. ಬುದ್ಧಿ ಹೇಳದೆ ಹದಿನೈದು ನಿಮಿಷ ಮಗುವಿನ ಜೊತೆ ಕೂರಲು ನನಗೆ ನಾಲ್ಕು ದಿನ ಬೇಕಾಯಿತು.

ನಾವು ಕೂರುತ್ತಿದ್ದದ್ದು ಕೊಬ್ಬರಿ ಅಟ್ಟದ ಮೇಲೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನೇ ಇಂಗಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ನೀರಿದ್ದರೆ ಕುಳುಕುಳು ಅನ್ನುತ್ತದೆ. ಆಗಿದ್ದರೆ ಗಡಗಡ ಅನ್ನುತ್ತದೆ. ಆ ವರ್ಷದ ಕಾಯಿ ಅಪ್ಪ ಹಾಕಿಸಿದ್ದು, ಮೇ ತಿಂಗಳಲ್ಲಿ. ಮಗಳಿಗೆ ಕಿವಿ ಹಚ್ಚಿ ಕೇಳುವುದನ್ನು ಕಲಿಸಿದ್ದೂ ಅಪ್ಪನೇ.

ಐದನೇ ದಿನವೋ ಆರನೇ ದಿನವೋ, ಅವಳು ಒಂದು ಕಾಯಿ ಎತ್ತಿಕೊಂಡು ಅಲ್ಲಾಡಿಸಿದಳು. ಕುಳುಕುಳು ಅಂದಿತು. ವಾಪಸ್ ಇಟ್ಟಳು. ಇನ್ನೊಂದು ಎತ್ತಿದಳು. ನನ್ನ ಕಡೆ ನೋಡದೆ ಕೇಳಿದಳು.

"ಅಪ್ಪಾ, ನಾನು ಸ್ಕೂಲಿಗೆ ಹೋದ ಮೇಲೆ ನೀನೂ ಊರಿಗೆ ಹೋಗ್ತೀಯಾ?"

ಅಪ್ಪ ತೀರಿಕೊಂಡ ದಿನ ಅವಳು ಸ್ಕೂಲಿಗೆ ಹೋಗುವಾಗ ತಾತ ಜಗುಲಿ ಮೇಲೆ ಕೂತಿದ್ದರು. ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು ಕರೆದುಕೊಂಡು ಹೋಗಿ ಟಿವಿ ಹಾಕಿ ಕೂರಿಸಿದರು. ರಾತ್ರಿ ಮನೆಗೆ ಬಂದರೆ ಜಗುಲಿ ಖಾಲಿ. ಮನೆ ತುಂಬಾ ಜನ. ಅಜ್ಜಿ ಮೂಲೆಯಲ್ಲಿ. ತಾತ ಊರಿಗೆ ಹೋಗಿದ್ದಾರೆ ಅಂದೆವು. ಹನ್ನೊಂದನೇ ದಿನ ಫೋಟೋಗೆ ಹಾರ ಹಾಕಿದೆವು. ಅವಳು ತನಗೆ ತಿಳಿದ ಮಟ್ಟಿಗೆ ಲೆಕ್ಕ ಕೂಡಿಕೊಂಡಿದ್ದಳು. ನಾನು ಸ್ಕೂಲಿಗೆ ಹೋದರೆ ಮನೆಯವರು ಹೇಳದೆ ಹೋಗಿಬಿಡುತ್ತಾರೆ. ನಾನು ಮನೆಯಲ್ಲಿದ್ದರೆ ಯಾರೂ ಹೋಗಲ್ಲ. ಹೊಟ್ಟೆನೋವಲ್ಲಿ ಅವಳು ಇಡೀ ಮನೆಯನ್ನು ಕಾಯುತ್ತಿದ್ದಳು.

ಅವಳಿಗೆ ನೋವಾಗದಿರಲಿ ಅಂತ ನಾವು ಹೇಳಿದ ಮಾತು ಅದು. ಪ್ರೀತಿಯಿಂದಲೇ ಹೇಳಿದ್ದು. ಈಗ ಯೋಚಿಸಿದರೆ, ಆ ದಿನ ನೋವಾಗದಿರಲಿ ಅಂದುಕೊಂಡಿದ್ದು ನಮಗೇ ಅನಿಸುತ್ತದೆ. ಮಗು ಅಳುವುದನ್ನು ನೋಡುವ ಶಕ್ತಿ ನಮಗೆ ಇರಲಿಲ್ಲ.

ಮುಂದಿನ ಮಂಗಳವಾರ ಮೇಡಂಗೆ ಹೇಳಿದೆ. ಸಾವು ಅನ್ನುವ ಪದವನ್ನೇ ಬಳಸಿ ಅಂದರು. ಮಲಗಿದ್ದಾರೆ ಅಂದರೆ ಮಗು ನಿದ್ದೆಗೆ ಹೆದರುತ್ತದೆ, ಊರಿಗೆ ಹೋದರು ಅಂದರೆ ಊರಿಗೆ ಹೋಗುವವರಿಗೆಲ್ಲ ಹೆದರುತ್ತದೆ. ಚಿಕ್ಕ ವಾಕ್ಯದಲ್ಲಿ ಹೇಳಿ. ಅವಳದ್ದೇನೂ ತಪ್ಪಿಲ್ಲ ಅಂತ ಕೇಳದಿದ್ದರೂ ಹೇಳಿ. ಅಳು ಬಂದರೆ ನೀವೂ ಅಳಿ, ಆದರೆ ಎದ್ದು ಹೋಗಬೇಡಿ.

ದೀಪಾವಳಿ ಕಳೆದ ಭಾನುವಾರ, ಜಗುಲಿ ಮೇಲೆ, ನಾನು, ಹೆಂಡತಿ, ಅಮ್ಮ ಕೂತು ಹೇಳಿದೆವು. "ತಾತ ಊರಿಗೆ ಹೋಗಿಲ್ಲ ಪುಟ್ಟಿ. ನಾವು ತಪ್ಪು ಹೇಳಿದ್ವಿ. ತಾತ ಸತ್ತುಹೋದರು. ಅವರ ಹೃದಯ ನಿಂತುಹೋಯ್ತು. ಸತ್ತವರು ವಾಪಸ್ ಬರಲ್ಲ."

ಅವಳು ಕೇಳಿದ ಪ್ರಶ್ನೆಗಳು ನಾವು ಎಣಿಸಿದ್ದವಲ್ಲ. ತಾತನಿಗೆ ನೋವಾಯ್ತಾ? ಮಣ್ಣೊಳಗೆ ಉಸಿರು ಕಟ್ಟಲ್ವಾ? ಕನ್ನಡಕ ಹಾಕಿದ್ರಾ? ಒಂದೊಂದಕ್ಕೂ ಉತ್ತರ ಕೊಟ್ಟೆವು. ಸತ್ತ ಮೇಲೆ ಉಸಿರೂ ಇರಲ್ಲ, ನೋವೂ ಇರಲ್ಲ, ಕತ್ತಲೆ ಚಳಿ ಏನೂ ಗೊತ್ತಾಗಲ್ಲ. ಕನ್ನಡಕ ಬೀರುವಿನಲ್ಲಿದೆ. ಕೊನೆಗೆ ತುಂಬ ಮೆಲ್ಲಗೆ ಹೇಳಿದಳು. "ಅವತ್ತು ತಾತ ಟಾಟಾ ಮಾಡಿದ್ರು. ನಾನು ಮಾಡ್ಲಿಲ್ಲ. ಕೋಪ ಬಂದಿತ್ತು." ನಾಲ್ಕು ತಿಂಗಳು ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳು. ಅಮ್ಮ ಅವಳನ್ನು ತೊಡೆಗೆ ಎಳೆದುಕೊಂಡು, "ತಾತಂಗೆ ಗೊತ್ತಿತ್ತು ಕಣೇ ಬಂಗಾರಿ, ನಿನ್ ಕೋಪ ಸಂಜೆಗೆ ಇರಲ್ಲ ಅಂತ" ಅಂದರು. ಆಮೇಲೆ ಇಬ್ಬರೂ ಅತ್ತರು. ಅಮ್ಮ ಮೊಮ್ಮಗಳ ಮುಂದೆ ಅತ್ತಿದ್ದು ಅದೇ ಮೊದಲು.

ಸಂಜೆ ತೋಟದಲ್ಲಿ ಅಪ್ಪನನ್ನು ಮಣ್ಣು ಮಾಡಿದ ಜಾಗಕ್ಕೆ ಕರೆದುಕೊಂಡು ಹೋದೆ. ಹೆಣ್ಣುಮಗುನ ಅಲ್ಲಿಗೆಲ್ಲ ಯಾಕೆ ಅಂತ ಅಮ್ಮ ಬೆಳಿಗ್ಗೆ ಅಂದಿದ್ದರು, ಸಂಜೆ ತಾವೇ ಜೊತೆಗೆ ಬಂದರು. ಮಗಳು ಅಲ್ಲಿ ನಿಂತು ಕೈ ಬೀಸಿ ಟಾಟಾ ಮಾಡಿದಳು.

ನಿಜ ಹೇಳಿದ ತಕ್ಷಣ ಎಲ್ಲ ಸರಿಹೋಗಲಿಲ್ಲ. ಹೊಟ್ಟೆನೋವು ಮಾರನೇ ದಿನವೂ ಬಂತು. ಮನಸ್ಸಿಗೆ ಅರ್ಥವಾದರೂ ಮೈಗೆ ಅಭ್ಯಾಸ ಆಗಿಬಿಟ್ಟಿರುತ್ತದೆ, ಮನೆಯಲ್ಲಿ ಉಳಿದಷ್ಟೂ ಭಯಕ್ಕೆ ಬಲ ಬರುತ್ತದೆ ಅಂದರು ಮೇಡಂ. ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಅವಳನ್ನೇ ಕೂರಿಸಿಕೊಂಡು ಮೆಟ್ಟಿಲು ಬರೆಸಿದರು. ಭಾನುವಾರ ಖಾಲಿ ಸ್ಕೂಲಿನ ಗೇಟಿನವರೆಗೆ. ಆಮೇಲೆ ಯೂನಿಫಾರ್ಮ್ ಹಾಕಿಕೊಂಡು ಹೆಡ್‌ಮಿಸ್ ರೂಮಿನಲ್ಲಿ ಅರ್ಧ ಗಂಟೆ. ಆಮೇಲೆ ಎರಡು ಪೀರಿಯಡ್. ಆಮೇಲೆ ಊಟದವರೆಗೆ. ಒಂದು ಮೆಟ್ಟಿಲಲ್ಲಿ ಭಯ ಇಳಿಯುವವರೆಗೆ ಮುಂದಿನದ್ದಕ್ಕೆ ಕಾಲಿಡುವ ಹಾಗಿಲ್ಲ, ಆದರೆ ಹಿಂದಕ್ಕೂ ಬರುವ ಹಾಗಿಲ್ಲ. ಡಾಕ್ಟರ ಚೀಟಿ ತೋರಿಸಿದ ಮೇಲೆ ಸ್ಕೂಲಿನವರು ಒಪ್ಪಿದರು. ಅವಳ ಕ್ಲಾಸ್ ಟೀಚರ್ ಬಗ್ಗೆ ಹೇಳಲೇಬೇಕು. ಹೊಟ್ಟೆ ನೋಯ್ತಿದೆ ಅಂದರೆ ನಮಗೆ ಫೋನ್ ಮಾಡುವ ಬದಲು ನೀರು ಕೊಟ್ಟು, ಡಸ್ಟರ್ ಕೊಟ್ಟು ಬೋರ್ಡ್ ಒರೆಸಲು ಹೇಳುತ್ತಿದ್ದರಂತೆ. ಬೋರ್ಡ್ ಒರೆಸುವಷ್ಟರಲ್ಲಿ ಎಷ್ಟೋ ಸಲ ನೋವು ಇಳಿಯುತ್ತಿತ್ತು.

ನಮ್ಮ ಮಾತೂ ಬದಲಾಗಬೇಕಿತ್ತು. "ಏನೂ ಆಗಲ್ಲ ಹೋಗು" ಅನ್ನುವುದು ನನ್ನ ಬಾಯಿಪಾಠ. ಅದನ್ನು ಬಿಡಿ ಅಂದರು. ಏನೂ ಆಗಲ್ಲ ಅಂದಾಗ, ನಿನ್ನ ಭಯ ಸುಳ್ಳು ಅಂದಂತೆ. ಅದೂ ಅಲ್ಲದೆ ಏನೋ ಆಗಿತ್ತಲ್ಲ ಅವಳಿಗೆ. ಅದರ ಬದಲು "ಭಯ ಆಗ್ತಿದೆ ಅಲ್ವಾ? ಆಗಲಿ. ಭಯ ಇಟ್ಟುಕೊಂಡೇ ಹೋಗಿ ಬರೋಣ" ಅನ್ನಬೇಕು. ಗೇಟಿನ ಹತ್ತಿರ ಒಂದೇ ಸಲ ತಬ್ಬಿ, ಒಂದೇ ಟಾಟಾ ಮಾಡಿ ಹೊರಡಬೇಕು. ನಿಂತಷ್ಟೂ ಅವಳಿಗೆ ಕಷ್ಟ. ಕದ್ದು ಹೋಗುವುದಂತೂ ಕೂಡದು.

ನಾನು ಒಂದು ಮಾತು ಕೊಟ್ಟಿದ್ದೆ. ಸಂಜೆ ನಾಲ್ಕೂ ಹತ್ತಕ್ಕೆ ಗೇಟಿನ ಹತ್ತಿರ ಇರುತ್ತೇನೆ ಅಂತ. ಡಿಸೆಂಬರಿನಲ್ಲಿ ಒಂದು ದಿನ ಮಂಡಿಯಲ್ಲಿ ತೂಕ ಮುಗಿಯಲಿಲ್ಲ. ಹೊರಟಾಗಲೇ ನಾಲ್ಕೂ ಹತ್ತು. ನಾನು ಮುಟ್ಟಿದಾಗ ನಾಲ್ಕೂ ಇಪ್ಪತ್ತೆರಡು. ವಾಚ್‌ಮನ್ ಕುರ್ಚಿ ಪಕ್ಕ ನಿಂತಿದ್ದಳು. ಅಳುತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಎರಡೂ ಕೈಯಲ್ಲಿ ಬ್ಯಾಗಿನ ಪಟ್ಟಿ ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬೆರಳು ಬಿಡಿಸಲು ಹೊತ್ತಾಯಿತು. ಹನ್ನೆರಡು ನಿಮಿಷ. ಅದಕ್ಕೆ ನಾಲ್ಕು ದಿನ ಹಿಂದೆ ಬಿದ್ದೆವು. ಮತ್ತೆ ಹೊಸಿಲು, ಮತ್ತೆ ಒಂದು ಕಾಲಿನ ಸಾಕ್ಸ್.

ಅವತ್ತು ರಾತ್ರಿ, ಕೆಲಸ ಇತ್ತು, ಟ್ರಾಫಿಕ್ ಇತ್ತು ಅಂತೆಲ್ಲ ಹೇಳಲಿಲ್ಲ. "ನಾನು ಮಾತು ತಪ್ಪಿದೆ ಪುಟ್ಟಿ. ನಿಂಗೆ ಭಯ ಆಯ್ತು. ತಪ್ಪು ನಂದು" ಅಂದೆ. ಹೊಡೆದದ್ದಕ್ಕೂ ಅವತ್ತೇ ಕ್ಷಮೆ ಕೇಳಿದೆ. ಮಗುವಿನ ಹತ್ತಿರ ಕ್ಷಮೆ ಕೇಳಿದರೆ ಅಪ್ಪ ಅನ್ನುವ ಮರ್ಯಾದೆ ಹೋಗುತ್ತೆ ಅಂತ ನಮ್ಮ ಕಡೆ ಎಷ್ಟೋ ಜನ ನಂಬುತ್ತಾರೆ. ನಾನೂ ನಂಬಿದ್ದೆ. ಅವಳು ನನ್ನ ಕೆನ್ನೆ ಮುಟ್ಟಿ ನೋಡಿದಳು. "ನಾನಲ್ಲೇ ನಿಂತಿದ್ದೆ. ವಾಚ್‌ಮನ್ ತಾತ ಬಿಸ್ಕತ್ ಕೊಟ್ರು" ಅಂದಳು. ಮಾರನೇ ವಾರದಿಂದ ಒಂದು ಏರ್ಪಾಡು ಮಾಡಿಕೊಂಡೆವು. ನಾನು ತಡವಾದರೆ ವಾಚ್‌ಮನ್ ಫೋನಿಗೆ ಹೇಳುವುದು, ಅವರು ಅವಳಿಗೆ ಹೇಳುವುದು.

ಸಂಕ್ರಾಂತಿ ಹೊತ್ತಿಗೆ ಪೂರ್ತಿ ದಿನ ಕೂರತೊಡಗಿದಳು. ಎಳ್ಳು ಬೆಲ್ಲ ಕೊಡಲು ವಾಚ್‌ಮನ್ ಹತ್ತಿರ ಮೊದಲು ಓಡಿದಳು.

ಮಾರ್ಚ್ ಕೊನೆಯ ಭಾನುವಾರ ಅಟ್ಟ ಇಳಿಸಿದೆವು. ಅಪ್ಪ ಹಾಕಿಸಿದ ಕಾಯಿ. ಸುಲಿಯುವವರು ಬಂದಿದ್ದರು. ನಾನು ಮೇಲಿಂದ ಒಂದೊಂದೇ ಕಾಯಿ ಕೊಡುತ್ತಿದ್ದೆ, ಅವಳು ಕೆಳಗೆ ನಿಂತು ಕಿವಿ ಹಚ್ಚಿ ಅಲ್ಲಾಡಿಸಿ ರಾಶಿಗೆ ಹಾಕುತ್ತಿದ್ದಳು. ಹಾಗೆ ಒಂದೊಂದೇ ಕೇಳುತ್ತಾ ಕೂತರೆ ಸಂಜೆಯಾದರೂ ಮುಗಿಯಲ್ಲ ಅಂತ ಆಳುಗಳು ಗೊಣಗಿದರು. ಇರಲಿ ಬಿಡಿ ಅಂದೆ.

"ಅಪ್ಪಾ, ನಾಳೆ ನೀನು ಎಲ್ಲಿರ್ತೀಯಾ?" ಭಾನುವಾರ ಸಂಜೆ ಈಗಲೂ ಕೇಳುತ್ತಾಳೆ. ಬೆಳಿಗ್ಗೆ ಮಂಡಿ, ಮಧ್ಯಾಹ್ನ ಬ್ಯಾಂಕು, ನಾಲ್ಕೂ ಹತ್ತಕ್ಕೆ ಗೇಟು ಅಂತ ಒಪ್ಪಿಸಿದೆ. ತಲೆಯಾಡಿಸಿ ಇನ್ನೊಂದು ಕಾಯಿ ಕಿವಿಗೆ ಹಿಡಿದಳು. ಅಲ್ಲಾಡಿಸಿದಳು. ಮತ್ತೊಮ್ಮೆ ಅಲ್ಲಾಡಿಸಿ ನನಗೆ ವಾಪಸ್ ಚಾಚಿದಳು.

"ಇದಿನ್ನೂ ಆಗಿಲ್ಲ. ಮೇಲಿಡು."